ನಕ್ಷೆಯಲ್ಲಿ ಹೋಂಸ್ಟೇ ಇದೆ, ಲೈನ್ ಮನೆ ಎಲ್ಲಿ?

ಭಾನುವಾರ ಕೊಡಗಿನ ಮಾದಾಪುರದ ಕಡೆ ಕೆಲವು ಕಾಲೇಜು ಮಕ್ಕಳು ಮೊಬೈಲ್ ಹಿಡಿದು ತೋಟದ ದಾರಿಗಳಲ್ಲಿ ನಡೆಯುತ್ತಿದ್ದರು. ವಿಚಾರಿಸಿದರೆ, ಜನರೇ ಸೇರಿ ತುಂಬುವ ತೆರೆದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮ ದಾರಿ, ತೋಡು (ಹಳ್ಳ), ಕಾಲುಸಂಕಗಳನ್ನು ಸೇರಿಸುತ್ತಿದ್ದಾರೆ. ಸಂಬಳವಿಲ್ಲ, ಭತ್ಯೆಯಿಲ್ಲ. ಒಬ್ಬ ಹುಡುಗಿ ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಅಜ್ಜಿಯೊಬ್ಬರನ್ನು ನಿಲ್ಲಿಸಿ, ಈ ಸಂಕದ ಮೇಲೆ ಜೀಪು ಹೋಗುತ್ತದೆಯೇ ಎಂದು ಕೇಳಿದಳು. "ಬೈಕು ಹೋಗುತ್ತದೆ. ಮಳೆ ಹಿಡಿದರೆ ಅದೂ ಇಲ್ಲ" ಎಂದರು ಅಜ್ಜಿ. ಅದನ್ನೂ ಬರೆದುಕೊಂಡಳು. ನನಗೆ ಗಂಟಲು ಕಟ್ಟಿತು. ಆ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

ಇದನ್ನು ಪರಿಚಿತರೊಬ್ಬರಿಗೆ ಹೇಳಿದರೆ, "ಮೊಬೈಲಿನಲ್ಲಿ ಮೊದಲೇ ನಕ್ಷೆ ಇದೆಯಲ್ಲ, ಇವರಿಗೇನು ಬೇರೆ ಕೆಲಸವಿಲ್ಲವೇ?" ಎಂದರು. ಆಗಿನಿಂದ ಸಿಟ್ಟು ಇಳಿದಿಲ್ಲ.

ಏನಿದೆ ಆ ನಕ್ಷೆಯಲ್ಲಿ? ರಾಜಾಸೀಟ್ ಇದೆ, ಅಬ್ಬಿ ಜಲಪಾತ ಇದೆ, ಮಾಂದಲಪಟ್ಟಿ ಇದೆ, ಗುಡ್ಡಕ್ಕೊಂದು ಹೋಂಸ್ಟೇ ಇದೆ. ಪೈಸಾರಿ (ಸರ್ಕಾರಿ) ಜಾಗದ ಮನೆಗಳಿಲ್ಲ, ಲೈನ್ ಮನೆಗಳಿಲ್ಲ, ತೋಡಿಗೆ ಹೆಸರಿಲ್ಲ. ಎರಡು ದಿನ ತಂಗಿ ಹೋಗುವವರ ಕೊಡಗು ಅದು. ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗುವವರದ್ದಲ್ಲ.

2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತ ನೆನಪಿದೆಯಲ್ಲ? ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿ, ಜೋಡುಪಾಲ. ರಾಷ್ಟ್ರೀಯ ಹೆದ್ದಾರಿ 275 ಕುಸಿದು ಸಂಪಾಜೆ ದಾರಿಯೇ ಮುಚ್ಚಿತು. ಯಾವ ಗುಡ್ಡದ ಹಿಂದೆ ಎಷ್ಟು ಮನೆಗಳಿವೆ, ಅಲ್ಲಿಂದ ಇಳಿಯಲು ಇನ್ನೊಂದು ದಾರಿ ಇದೆಯೇ ಎಂಬುದು ಗೊತ್ತಿದ್ದವರು ಊರಿನವರು ಮಾತ್ರ. ಅವರೇ ಮಣ್ಣಿನ ಆಚೆ ಸಿಕ್ಕಿಕೊಂಡಿದ್ದರೆ? ಮರುವರ್ಷ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ಇಷ್ಟೆಲ್ಲ ಆದ ಮೇಲೂ "ನಕ್ಷೆ ಇದೆಯಲ್ಲ" ಎನ್ನುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಬಯಲುಸೀಮೆಯಲ್ಲಾದರೆ ಉಪಗ್ರಹ ಚಿತ್ರ ನೋಡಿ ಎಲ್ಲಿಯೋ ಕುಳಿತವರು ರಸ್ತೆ ಗೆರೆ ಎಳೆಯಬಹುದು. ನಮ್ಮಲ್ಲಿ ಸಿಲ್ವರ್ ಓಕ್, ಹಲಸು, ನಂದಿ ಮರಗಳ ಕೆಳಗೆ ಕಾಫಿ, ಕಾಫಿಯ ನಡುವೆ ದಾರಿ. ಮೇಲಿನಿಂದ ಕಾಣುವುದು ಕಾಫಿ ಒಣಗಿಸುವ ಕಣವೊಂದೇ, ಬೆಳ್ಳಗೆ ಚೌಕವಾಗಿ. ಆ ಕಣದಿಂದ ಡಾಂಬರು ರಸ್ತೆಗೆ ಹೇಗೆ ಬರುತ್ತಾರೆಂದು ತಿಳಿಯಲು ಕಾಲಿನಲ್ಲಿ ನಡೆಯಲೇಬೇಕು, ಜಿಗಣೆ ಹತ್ತಿಸಿಕೊಂಡು. ಆ ಮಕ್ಕಳು ನಡೆಯುತ್ತಿದ್ದಾರೆ.

ಸಾರ್ವಜನಿಕ ಹಣದಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಜನರಿಗೆ ಬಳಸಲು ಬರುವಂತೆ ತೆರೆದಿಡಬೇಕೆಂಬ ಕೇಂದ್ರದ ನೀತಿ 2012ರದ್ದು. ನಮಗೆ ಸಿಗುವುದು ಮಾತ್ರ ಅಪಾಯದ ಊರುಗಳ ಪಟ್ಟಿ, ಅದೂ ಸ್ಕ್ಯಾನ್ ಮಾಡಿದ ಮಸುಕು ಕಾಗದ. ಪಕ್ಕದ ಕೇರಳದಲ್ಲಿ ಪ್ರವಾಹದ ನಂತರ ಸರ್ಕಾರವೇ ಮುಂದೆ ನಿಂತು "ಮ್ಯಾಪಥಾನ್ ಕೇರಳಂ" ನಡೆಸಿ, ಇದೇ ಓಪನ್‌ಸ್ಟ್ರೀಟ್‌ಮ್ಯಾಪ್ ತುಂಬಲು ಜನರನ್ನು ಕರೆಯಿತು. ಈ ನಕ್ಷೆಯ ಮಾಹಿತಿಯನ್ನು ಯಾರು ಬೇಕಾದರೂ ಮೂಲ ಹೇಳಿ ಬಳಸಬಹುದು, ಮುದ್ರಿಸಬಹುದು, ನೆಟ್‌ವರ್ಕ್ ಇಲ್ಲದಾಗಲೂ ಮೊಬೈಲಿನಲ್ಲಿ ನೋಡಬಹುದು. ಮಳೆಗಾಲದಲ್ಲಿ ನಮ್ಮ ಟವರ್‌ಗಳು ಎಷ್ಟು ದಿನ ಬದುಕಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ದಾರಿಯನ್ನೆಲ್ಲ ತೋರಿಸಿದರೆ ಪ್ರವಾಸಿಗರು ತೋಟಕ್ಕೂ ದೇವರಕಾಡಿಗೂ ನುಗ್ಗುತ್ತಾರೆ ಎಂಬ ಆತಂಕ ಕೆಲವರಿಗಿದೆ. ಅವರು ಈಗಲೂ ನುಗ್ಗುತ್ತಲೇ ಇದ್ದಾರೆ, ನಕ್ಷೆ ತಪ್ಪಾಗಿರುವುದರಿಂದಲೇ. ಖಾಸಗಿ ದಾರಿಯನ್ನು ಖಾಸಗಿ ಎಂದೇ ಗುರುತಿಸಲು ಆ ಮಕ್ಕಳು ತುಂಬುತ್ತಿರುವ ನಕ್ಷೆಯಲ್ಲಿ ಅವಕಾಶವಿದೆ. ಹಾಗೆ ಗುರುತಿಸುವವರೂ ನಾವೇ ಆಗಬೇಕಲ್ಲವೇ?

ಮುಂದಿನ ವಾರ ಆ ಮಕ್ಕಳು ಮುಕ್ಕೋಡ್ಲು ಕಡೆ ಹೋಗುತ್ತಾರಂತೆ. ಅಲ್ಲಿ ತೋಟವಿರುವವರು ದಯವಿಟ್ಟು ಗೇಟಿನಲ್ಲಿ ತಡೆಯಬೇಡಿ. ಮನೆಯ ಹಿರಿಯರನ್ನು ಒಂದು ಗಂಟೆ ಅವರ ಜೊತೆ ಕೂರಿಸಿ, 2018ರಲ್ಲಿ ಯಾವ ದಾರಿ ಉಳಿದಿತ್ತು, ಯಾವ ತೋಡು ದಿಕ್ಕು ಬದಲಿಸಿತು ಎಂದು ಹೇಳಿಸಿ.