ಬ್ಯಾಂಕಾಕಿಗೆ ಹೋಗಿದ್ದೆ, ಕಣ್ಣು ಮಿಟುಕಿಸಬೇಡಿ

ಗಲ್ಫಿನಿಂದ ಬಂದವನ ಹತ್ತಿರ ಸಂಬಳ ಎಷ್ಟು ಅಂತ ಕೇಳುವ ಊರು ನಮ್ಮದು. ಬ್ಯಾಂಕಾಕಿಗೆ ಹೋಗಿ ಬಂದವನ ಹತ್ತಿರ ಮಾತ್ರ ಏನೂ ಕೇಳುವುದಿಲ್ಲ, ಒಂದು ನಗು ಅಷ್ಟೇ. ಬದಿಯಡ್ಕ ಪೇಟೆಯಲ್ಲಿ ಚಾ ಕುಡಿಯುವಾಗ, ಕುಂಬಳೆಯಲ್ಲಿ ಬಸ್ಸಿಗೆ ಕಾಯುವಾಗ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ, "ಮತ್ತೆ... ಹೇಗೆ ಮಾರಾಯ?" ಅಂತ ಆ ಒಂದು ನಗು. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಇಲ್ಲಿ ಹೇಳಿಬಿಡುತ್ತೇನೆ.

ಹೌದು, ಆ ಬೀದಿಗೂ ಹೋಗಿದ್ದೆ. ಸುಖುಮ್ವಿತ್ ರಸ್ತೆಯ ಅಸೋಕ್ ಸ್ಟೇಷನ್ ಹತ್ತಿರ ಸೋಯ್ ಕೌಬಾಯ್ ಅಂತ ಹುಡುಗಿಯರ ಬಾರುಗಳ ಒಂದು ಸಣ್ಣ ಓಣಿ. 1977ರಲ್ಲಿ ಅಮೆರಿಕದ ಒಬ್ಬ ಮಾಜಿ ಸೈನಿಕ ಅಲ್ಲಿ ಬಾರ್ ತೆರೆದ, ಅವನ ಕೌಬಾಯ್ ಟೊಪ್ಪಿಯೇ ಓಣಿಗೆ ಹೆಸರಾಯಿತು. ಸೀಲೋಮ್ ಕಡೆಯ ಪಟ್‌ಪಾಂಗ್ ಕೂಡ ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಜೆಗೆ ಬರುತ್ತಿದ್ದ ಅಮೆರಿಕದ ಸೈನಿಕರಿಂದಲೇ ಬೆಳೆದದ್ದು. ಥಾಯ್ಲೆಂಡಿನವರ ಸಂಸ್ಕೃತಿಯೇ ಹಾಗೆ ಅಂತ ಷರಾ ಬರೆಯುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಲ್ಲಿನ ಕಾನೂನಿನಲ್ಲಿ ವೇಶ್ಯಾವಾಟಿಕೆಗೆ ಇವತ್ತಿಗೂ ಅನುಮತಿ ಇಲ್ಲ, 1996ರ ಕಾಯಿದೆಯೇ ಇದೆ. ಕಣ್ಣೆದುರು ನಡೆಯುವುದು ಬೇರೆ, ಅದು ನಮಗೆ ಹೊಸತೇನೂ ಅಲ್ವಲ್ಲ.

ಒಳಗೆ ಹೋಗಿ ಕೂತರೆ ಬಿಯರಿನ ಬಿಲ್ಲನ್ನು ಸುರುಳಿ ಮಾಡಿ ನಿಮ್ಮ ಮುಂದೆಯೇ ಒಂದು ಲೋಟದಲ್ಲಿ ಇಡುತ್ತಾರೆ, ಒಂದೊಂದು ಸಲ ತರಿಸಿದಾಗಲೂ ಒಂದೊಂದು ಚೀಟಿ. ಪಕ್ಕದಲ್ಲಿ ಕೂತ ಹುಡುಗಿಗೆ ಡ್ರಿಂಕ್ ಕೊಡಿಸಿದರೆ ಅದರಲ್ಲಿ ಅವಳಿಗೆ ಕಮಿಷನ್. ಮೇಲೆ ಗಂಟೆ ನೇತುಹಾಕಿರುತ್ತಾರೆ. ದೇವಸ್ಥಾನದ ಅಭ್ಯಾಸದಲ್ಲಿ ಬಾರಿಸಬೇಡಿ, ಬಾರಿಸಿದರೆ ಅಲ್ಲಿರುವ ಎಲ್ಲರ ಕುಡಿತದ ಖರ್ಚು ನಿಮ್ಮದು.

ನಾನು ಹೋದಾಗ ಹೊರಗೆ ಒಂದು ಪ್ಲಾಸ್ಟಿಕ್ ಸ್ಟೂಲಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಅಂಗಿಯ ಮೇಲೆ ನಂಬರಿನ ಬಿಲ್ಲೆ, ಕಾಲ ಪಕ್ಕ ಕಳಚಿಟ್ಟ ಹೈಹೀಲ್ಸ್. ಅಂಟು ಅಕ್ಕಿಯ ಅನ್ನವನ್ನು ಬೆರಳಲ್ಲೇ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನುತ್ತಾ ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದಳು. ಬಿಡುವಿನ ಹೊತ್ತಿನ ಊಟ. ಈ ಬಾರುಗಳಲ್ಲಿ ಇರುವವರು ಜಾಸ್ತಿ ಈಸಾನ್ ಕಡೆಯವರು, ಅಂದರೆ ಈಶಾನ್ಯದ ಬಡ ಗದ್ದೆ ಊರುಗಳಿಂದ ಬಂದವರು. ಅದು ಅವರ ಕೆಲಸದ ಜಾಗ. ಅಲ್ಲಿಗೆ ನಮ್ಮ ದೇಶದ ಒಂದು ತಂಡ ಬಂದು ನಾಲ್ಕು ಜನಕ್ಕೆ ಒಂದು ಬಿಯರ್ ಹೇಳಿ, ಕೇಳದೆ ವಿಡಿಯೋ ಮಾಡಿ, ಡ್ರಿಂಕಿನ ರೇಟಿಗೆ ಮೀನು ಮಾರ್ಕೆಟಿನ ಹಾಗೆ ಚೌಕಾಶಿ ಮಾಡುವಾಗ ನನಗೆ ನಾಚಿಕೆ ಆದದ್ದು ಬೀದಿಯಿಂದಲ್ಲ. ಮೋಜು ಮಾಡಿ, ಬೇಡ ಅನ್ನುವುದಿಲ್ಲ. ಮರ್ಯಾದೆ ಇಟ್ಟುಕೊಂಡು ಮಾಡಿ.

ಆದರೆ ನಿಜ ಹೇಳಬೇಕಾದರೆ ಆ ಓಣಿ ಅರ್ಧ ಗಂಟೆಯಲ್ಲಿ ಬೋರು. ಒಂದೇ ಕೆಂಪು ಬೆಳಕು, ಒಂದೇ ಹಾಡು. ಬ್ಯಾಂಕಾಕಿನ ರಾತ್ರಿ ನಿಜವಾಗಿ ಇರುವುದು ಬೇರೆ ಕಡೆ, ಯಾವರಾತಿನಲ್ಲಿ, ಅಂದರೆ ಚೈನಾಟೌನಿನಲ್ಲಿ. 2019ರಿಂದ ಅಲ್ಲೇ ಹತ್ತಿರ ವಾಟ್ ಮಂಕೋನ್ ಅಂತ ಮೆಟ್ರೋ ಸ್ಟೇಷನ್ ಇದೆ. ಸಂಜೆ ಬಂಗಾರದ ಅಂಗಡಿಗಳು ಬಾಗಿಲು ಹಾಕುತ್ತಿದ್ದ ಹಾಗೆ ಅದೇ ರಸ್ತೆಯ ಬದಿಗೆ ಒಲೆಗಳು ಬರುತ್ತವೆ. ಒಬ್ಬಳು ಅಜ್ಜಿ ಕಾಯಿ ಬಪ್ಪಂಗಾಯಿಯನ್ನು ಸಣ್ಣಗೆ ಹೆರೆದು ಒರಳಿಗೆ ಹಾಕಿ, ಬೆಳ್ಳುಳ್ಳಿ, ಉದ್ದ ಅಲಸಂಡೆ, ಟೊಮೆಟೊ, ತಾಳೆಬೆಲ್ಲ, ನಿಂಬೆ ರಸ ಎಲ್ಲ ಸೇರಿಸಿ ಟಕ್ ಟಕ್ ಜಜ್ಜುತ್ತಿದ್ದರು. ಮೆಣಸು ಎಷ್ಟು ಅಂತ ಬೆರಳು ಎತ್ತಿ ಕೇಳಿದರು. ನಾವು ಕಾಸರಗೋಡಿನವರು ಅನ್ನುವ ಧೈರ್ಯದಲ್ಲಿ ನಾನು ನಾಲ್ಕು ಬೆರಳು ತೋರಿಸಿದೆ. ಅಜ್ಜಿ ನನ್ನ ಮುಖ ನೋಡಿ ಎರಡೇ ಹಾಕಿದರು. ಆ ಎರಡಕ್ಕೇ ಮೂಗು, ಕಣ್ಣು ಎಲ್ಲ ಸುರಿಯಿತು. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಗಾಡಿ ಹುಡುಕಿ. ಬೇರೆ ಕಡೆ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದೇ ಬೀಳುತ್ತದೆ.

ನಾನು ಹೊಟ್ಟೆಕಿಚ್ಚು ಪಟ್ಟದ್ದು ಇಲ್ಲೇ. ರಾತ್ರಿ ಹನ್ನೊಂದಕ್ಕೆ ಪಕ್ಕದ ಟೇಬಲಿನಲ್ಲಿ ಆಫೀಸು ಮುಗಿಸಿದ ಮೂರು ಹೆಂಗಸರು, ಮುಂದೆ ಐಸ್ ಹಾಕಿದ ಬಿಯರ್. ಆಚೆ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡ ಅಜ್ಜ. ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆಗೆ ನಡುರಾತ್ರಿ ಕಳೆದ ಮೇಲೆ ಹೋದರೆ ಗೊಂಡೆ ಹೂವಿನ ಗೋಣಿ, ಮಲ್ಲಿಗೆ ಕಟ್ಟುವ ಹೆಂಗಸರ ಸಾಲು, ಹಗಲಿಗಿಂತ ಜಾಸ್ತಿ ಗಲಾಟೆ. ರಾತ್ರಿ ಅನ್ನುವುದು ಅಲ್ಲಿ ಗಂಡಸರ ಆಸ್ತಿ ಅಲ್ಲ.

ನಮ್ಮಲ್ಲಿ? ಕೇರಳದ ಸರಕಾರಿ ಮದ್ಯದ ಅಂಗಡಿಯ ಎದುರು ಕ್ಯೂ ನಿಂತವನು ಹೆಲ್ಮೆಟ್ ತೆಗೆಯುವುದಿಲ್ಲ, ಯಾರಾದರೂ ಕಂಡಾರು ಅಂತ. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ತೋಟದ ಮೂಲೆಗೆ ಓಡಬೇಕು. ಕುಡಿಯುವುದು ಕಡಿಮೆ ಏನಿಲ್ಲ, ಅಡಗಿಸುವುದು ಜಾಸ್ತಿ. ಹೆಂಗಸರು ರಾತ್ರಿ ಪೇಟೆಯಲ್ಲಿ ಕೂರಬೇಕಾದರೆ ದೇವರದ್ದೋ ದೈವದ್ದೋ ಕಾರಣ ಬೇಕು: ಯಕ್ಷಗಾನದ ಆಟ, ಕೋಲ, ಜಾತ್ರೆ. ಸುಮ್ನೆ, ಗಾಳಿ ಚೆನ್ನಾಗಿದೆ ಅಂತ ಹತ್ತು ಗಂಟೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಇಬ್ಬರು ಹೆಂಗಸರು ಐಸ್‌ಕ್ರೀಂ ತಿನ್ನುತ್ತಾ ಕೂತರೆ ಮರುದಿನ ಬೆಳಗ್ಗೆ ಮನೆಗೆ ಸುದ್ದಿ ಮುಟ್ಟಿರುತ್ತದೆ. ದೊಡ್ಡವರ ರಾತ್ರಿ ಅಂದರೆ ನಮಗೆ ಕುಡಿತ, ಹುಡುಗಿ ಎರಡೇ ಹೊಳೆಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ದೇವರ ವಿಷಯ ಬಂತು ಅಂತ ಇದೊಂದು ಹೇಳಬೇಕು. ದೊಡ್ಡ ಮಾಲುಗಳ ನಡುವೆ, ಮೇಲೆ ರೈಲು ಓಡುವ ಸಿಗ್ನಲಿನಲ್ಲಿ ಎರವಾನ್ ಗುಡಿ ಇದೆ, 1956ರದ್ದು. ಒಳಗೆ ಇರುವುದು ನಮ್ಮ ನಾಲ್ಕು ತಲೆಯ ಬ್ರಹ್ಮ. ಬೇಡಿಕೊಂಡದ್ದು ನೆರವೇರಿದರೆ ಜನ ಅಲ್ಲೇ ದುಡ್ಡು ಕಟ್ಟಿ ಕಿರೀಟ ತೊಟ್ಟ ನರ್ತಕಿಯರಿಂದ ಕುಣಿಸುತ್ತಾರೆ, ಎಷ್ಟು ಜನ ಕುಣಿಯಬೇಕೋ ಅಷ್ಟಕ್ಕೆ ರೇಟು. ಸಾಕ್ಷಾತ್ ನಮ್ಮ ಹರಕೆ ಆಟ ಮಾರಾಯ್ರೆ! ನಾನು ಬಸ್ಸು, ಕಾರು ಎಲ್ಲ ಮರೆತು ಅಲ್ಲೇ ನಿಂತುಬಿಟ್ಟೆ.

ಹೋಗುವವರಿಗೆ ನಾಲ್ಕು ಮಾತು. ಅಲ್ಲಿ ಏನು ಬೇಕಾದರೂ ನಡೆಯುತ್ತದೆ ಅಂತ ತಿಳಿಯಬೇಡಿ. ಅಂಗಡಿಯಲ್ಲಿ ಮಧ್ಯರಾತ್ರಿ ಆದ ಮೇಲೆ ಬಿಯರ್ ಕೊಡುವುದಿಲ್ಲ. ಗಾಂಜಾ 2022ರಲ್ಲಿ ಸಡಿಲ ಮಾಡಿದ್ದು ನಿಜ, 2025ರಲ್ಲಿ ಪುನಃ ಬಿಗಿ ಮಾಡಿ ವೈದ್ಯರ ಚೀಟಿ ಬೇಕು ಅಂದಿದ್ದಾರೆ. ಇ-ಸಿಗರೇಟು ಒಯ್ಯಲೇಬೇಡಿ, ನಿಷೇಧ. ಪಟ್‌ಪಾಂಗಿನಲ್ಲಿ ಮೆನು ಕಾರ್ಡ್ ತೋರಿಸಿ ಮಾಳಿಗೆ ಮೇಲಿನ ಶೋಗೆ ಕರೆಯುವವರ ಹಿಂದೆ ಹೋಗಬೇಡಿ, ಇಳಿಯುವಾಗ ಬಿಲ್ಲು ಬೇರೆಯೇ ಇರುತ್ತದೆ. ರೈಲು ನಡುರಾತ್ರಿ ಹೊತ್ತಿಗೆ ನಿಲ್ಲುತ್ತದೆ, ಆಮೇಲೆ ಕಿತ್ತಳೆ ಬಣ್ಣದ ಜಾಕೆಟಿನ ಬೈಕ್ ಟ್ಯಾಕ್ಸಿಯವರೇ ಗತಿ. ಸಂಜೆ ಆರಕ್ಕೆ ಲುಂಪಿನಿ ಪಾರ್ಕಿನಲ್ಲಿದ್ದರೆ ರಾಷ್ಟ್ರಗೀತೆ ಕೇಳಿಸುತ್ತದೆ, ಓಡುವವರೂ ನಿಂತುಬಿಡುತ್ತಾರೆ, ನೀವೂ ನಿಲ್ಲಿ. ಅಲ್ಲಿನ ಕೆರೆಯ ಉಡಗಳು ಮಾತ್ರ ನಿಲ್ಲುವುದಿಲ್ಲ.

ಹೆಂಡತಿಯನ್ನು ಕರ್ಕೊಂಡು ಹೋಗ್ತೀಯಾ ಅಂತ ಒಬ್ಬರು ಭಾವ ಕೇಳಿದ್ದಾರೆ, ಪುನಃ ಅದೇ ನಗು. ಹೋಗುತ್ತೇನೆ ಭಾವ, ಕೊಚ್ಚಿಯಿಂದ ನೇರ ವಿಮಾನ ಇದೆ. ಅವಳ ಪಟ್ಟಿಯಲ್ಲಿ ಮೊದಲು ಹೂವಿನ ಮಾರುಕಟ್ಟೆ, ಆಮೇಲೆ ಬ್ರಹ್ಮ. ಸೋಯ್ ಕೌಬಾಯ್ ಕೂಡ ನೋಡಬೇಕಂತೆ, ಇಷ್ಟೆಲ್ಲ ಜನ ನಗುವುದು ಯಾವುದಕ್ಕೆ ಅಂತ.