ಬ್ರೇಕಿಲ್ಲದ ಬಂಡಿಗೆ ಹೋಲ್ಡಾನ್!

"ಮೂರು ಚಕ್ರ ಸಾರ್, ಬೀಳೋ ಮಾತೇ ಇಲ್ಲ" ಎಂದು ಅಂಗಡಿಯವನು ಹೇಳುತ್ತಾನೆ. ಮೊಮ್ಮಗನ ಬ್ಯಾಟರಿ ಸ್ಕೂಟರನ್ನು ಆಟೋದಲ್ಲಿ ಹೇರಿಕೊಂಡು ಬರುವ ತಾತನೂ ಅದನ್ನೇ ನಂಬಿರುತ್ತಾರೆ. ದಾರಿಯ ಪ್ರತಿ ತಿರುವಿನಲ್ಲೂ ಅದೇ ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದದ್ದು ಮನೆ ಬಾಗಿಲು ತಲುಪುವಷ್ಟರಲ್ಲಿ ಮರೆತುಹೋಗಿರುತ್ತದೆ.

ಮೂರು ಚಕ್ರದ ಗುಣವೇ ಹಾಗೆ: ನಿಂತಾಗ ಬಂಡೆ, ತಿರುಗುವಾಗ ಬುಗುರಿ. ಸೈಕಲ್ಲು ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಇದು ವಾಲುವುದಿಲ್ಲ. ಮುಂದೆ ಒಂದು ಚಕ್ರ, ಹಿಂದೆ ಎರಡು. ಮೂರನ್ನೂ ಸೇರಿಸಿ ಗೆರೆ ಎಳೆದರೆ ನೆಲದ ಮೇಲೊಂದು ತ್ರಿಕೋನ. ಮಗುವಿನ ಭಾರ ಅದರೊಳಗಿದ್ದಷ್ಟು ಹೊತ್ತು ಕ್ಷೇಮ. ಹ್ಯಾಂಡಲ್ಲನ್ನು ಸರ್ರನೆ ಎಡಕ್ಕೆ ಎಳೆದರೆ ಭಾರ ಬಲಕ್ಕೆ ನುಗ್ಗಿ ಗೆರೆ ದಾಟುತ್ತದೆ, ಗಾಡಿ ಬಲಕ್ಕೆ ಮಗುಚುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ಹಿಂದಿನ ಚಕ್ರಗಳ ನಡುವಿನ ಅಗಲ ನೋಡಿ. ಮಗುವನ್ನು ಕೂರಿಸಿ, ಎರಡೂ ಪಾದ ಪೂರ್ತಿ ನೆಲ ಮುಟ್ಟುತ್ತವೆಯೇ ನೋಡಿ. "ಬೆಳೆಯೋ ಮಕ್ಳು, ಒಂದ್ ಸೈಜ್ ದೊಡ್ಡದೇ ಇರ್ಲಿ" ಎಂಬ ಯೂನಿಫಾರಂ ಸಿದ್ಧಾಂತ ಇಲ್ಲಿ ನಡೆಯುವುದಿಲ್ಲ.

ಇನ್ನು ಬ್ರೇಕು. ಚಿಕ್ಕ ಮಕ್ಕಳ 6 ವೋಲ್ಟಿನ ಎಷ್ಟೋ ಗಾಡಿಗಳಲ್ಲಿ ಅದು ಇರುವುದೇ ಇಲ್ಲ. ಹ್ಯಾಂಡಲ್ಲಿನಲ್ಲಿ ಕಾಣುವ ಲಿವರು ಬರೀ ಅಚ್ಚಿನ ಪ್ಲಾಸ್ಟಿಕ್ಕು, ಛತ್ರದ ಬಾಗಿಲಲ್ಲಿ ಕೈಮುಗಿದು ನಿಂತ ಗೊಂಬೆಯ ಹಾಗೆ. ಇರುವುದೆಲ್ಲ ಬಲಗಾಲಿನಡಿಯ ಒಂದು ಗುಂಡಿ. ಒತ್ತಿದರೆ ಓಟ, ಕಾಲೆತ್ತಿದರೆ ಮೋಟರಿನ ಬಿಗಿತಕ್ಕೇ ಗಾಡಿ ನಿಲ್ಲುತ್ತದೆ. ಈ ಗುಟ್ಟು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗಾಡಿ ಚಪ್ಪಲಿ ಸ್ಟ್ಯಾಂಡಿನ ಕಡೆ ಹೊರಟಿತೋ, ಅಪ್ಪ, ಅಮ್ಮ, ಎದುರು ಮನೆ ಆಂಟಿ, ವಾಚ್‌ಮನ್ ಎಲ್ಲರದೂ ಒಂದೇ ಕೂಗು: "ಬ್ರೇಕ್ ಹಾಕೋ!" ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತು ಬೆಳೆದ ಕೂಸು ಕೂಡಲೇ ಬಲಗಾಲನ್ನು ಬಲವಾಗಿ ಒತ್ತುತ್ತದೆ. ತಪ್ಪೇನಿದೆ? ಬೈಕಿನಲ್ಲಿ ಬಲಗಾಲೇ ಬ್ರೇಕು. ಚಪ್ಪಲಿ ಸ್ಟ್ಯಾಂಡು ಅಂಗಾತ.

ಹಾಗಾಗಿ "ಬ್ರೇಕ್" ಎಂಬ ಮಾತನ್ನು ಮನೆಯಲ್ಲಿ ನಿಷೇಧಿಸಿ. ನಮ್ಮ ಬಸ್ ಕಂಡಕ್ಟರುಗಳ ಭಾಷೆ ಇರುವಾಗ ಬೇರೆ ಪಾಠ ಏತಕ್ಕೆ? "ರೈಟ್" ಎಂದರೆ ಒತ್ತು, "ಹೋಲ್ಡಾನ್" ಎಂದರೆ ಕಾಲೆತ್ತು. ಮೊದಲು ಸ್ವಿಚ್ ಆಫ್ ಮಾಡಿ ಐದು ನಿಮಿಷ ಹತ್ತಿ ಇಳಿಯುವ ಅಭ್ಯಾಸ. ಆಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ಚಕ್ರ ಗೆರೆ ಮುಟ್ಟಿದಾಗ ಹೋಲ್ಡಾನ್. ಗಾಡಿ ಎಷ್ಟು ಮುಂದೆ ಹೋಗಿ ನಿಂತಿತೋ ಅಲ್ಲಿ ಎರಡನೇ ಗೆರೆ. ಈ ಎರಡು ಗೆರೆಗಳ ನಡುವಿನ ಅಂತರವನ್ನು ಮಗು ಕಣ್ಣಳತೆಯಲ್ಲೇ ಹೇಳುವವರೆಗೆ ನೇರ ಓಟ ಮಾತ್ರ. ತಿರುವು ಮರುದಿನಕ್ಕಿರಲಿ. ಎರಡೆರಡು ಮೀಟರಿಗೆ ಒಂದರಂತೆ ಮೂರು ಬಕೆಟ್ ಬೋರಲು ಹಾಕಿ. ಬಕೆಟ್ಟಿಗೆ ಮುಂಚೆ ಕಾಲೆತ್ತಬೇಕು, ನಿಧಾನಕ್ಕೆ ತಿರುಗಬೇಕು, ಹ್ಯಾಂಡಲ್ ನೇರವಾದ ಮೇಲೆ ಮತ್ತೆ ಒತ್ತಬೇಕು.

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಅಜ್ಜಿಯರು ಹೇಳುವ ಶಾಸ್ತ್ರ ಈ ಗಾಡಿಗೆಂದೇ ಹುಟ್ಟಿದ್ದಿರಬೇಕು. "ಪುಟ್ಟಾ, ಇಲ್ಲಿ ನೋಡು, ಫೋಟೋ!" ಎಂದರೆ ಮಗು ತಲೆ ತಿರುಗಿಸುತ್ತದೆ, ತಲೆಯ ಜೊತೆ ಭುಜ, ಭುಜದ ಜೊತೆ ಹ್ಯಾಂಡಲ್ಲು. ಮುಂದಿನದು ತ್ರಿಕೋನದ ಕೆಲಸ.

ಕಲಿಸುವವರು ಹಿಡಿಯಬೇಕಾದ್ದು ಸೀಟಿನ ಹಿಂಭಾಗವನ್ನು, ಪಕ್ಕದಲ್ಲಿ ನಡೆಯುತ್ತಾ. ಹ್ಯಾಂಡಲ್ ಹಿಡಿದರೆ ನೀವೊಂದು ಕಡೆ, ಮಗುವೊಂದು ಕಡೆ ಎಳೆದು ಜಗ್ಗಾಟ. ತಾತಂದಿರು ಪಂಚೆಯನ್ನು ಎತ್ತಿ ಕಟ್ಟಲಿ, ಅಮ್ಮಂದಿರು ದುಪಟ್ಟಾ ತೆಗೆದಿಡಲಿ. ಬಟ್ಟೆಯ ಅಂಚು ಚಕ್ರಕ್ಕೆ ಸುತ್ತಿಕೊಂಡರೆ ಅದು ನಗುವ ಸಂಗತಿಯಲ್ಲ. ಮಗುವಿನ ಕಾಲಿಗೆ ಶೂ ಇರಲಿ. ಕಾಲನ್ನು ಇಳಿಬಿಟ್ಟರೆ ಹಿಮ್ಮಡಿ ಹಿಂದಿನ ಚಕ್ರಕ್ಕೆ ಸಿಗುತ್ತದೆ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲಿರಬೇಕು, ಗಲ್ಲದ ಪಟ್ಟಿಯಲ್ಲಿ ಒಂದು ಬೆರಳು ತೂರಬೇಕು. ವೇಗ ಗಂಟೆಗೆ ಮೂರು ನಾಲ್ಕು ಕಿಲೋಮೀಟರು, ಅಂದರೆ ಅಜ್ಜಿ ಪ್ರದಕ್ಷಿಣೆ ಹಾಕುವಷ್ಟು, ಇದಕ್ಕೇಕೆ ಹೆಲ್ಮೆಟ್ಟು ಎನ್ನುವವರಿಗೆ: ಗ್ರಾನೈಟ್ ನೆಲ ವೇಗ ಕೇಳುವುದಿಲ್ಲ.

ಜಾಗಕ್ಕೆ ಅಪಾರ್ಟ್‌ಮೆಂಟಿನ ಪಾರ್ಕಿಂಗೇ ಸರಿ, ಕಾರುಗಳೆಲ್ಲ ಆಫೀಸಿಗೆ ಹೋದ ಮೇಲೆ. ರ‍್ಯಾಂಪಿನ ಹತ್ತಿರ ಮಾತ್ರ ಸುಳಿಯಬೇಡಿ. ಇಳಿಜಾರಿನಲ್ಲಿ ಮೋಟರಿನ ಬಿಗಿತ ಸಾಲದು, ಕೆಳಗೆ ಯಾರೋ ರಿವರ್ಸ್ ತೆಗೆಯುತ್ತಿರುತ್ತಾರೆ. ನೆಲ ಒರೆಸಿದ ಮೇಲೆ ಒಣಗುವವರೆಗೆ ಕಾಯಿರಿ. ಚಕ್ರ ಗಟ್ಟಿ ಪ್ಲಾಸ್ಟಿಕ್ಕಿನದು, ಅದರಲ್ಲೂ ಅಗ್ಗದ ಗಾಡಿಗಳಲ್ಲಿ ಮೋಟರು ಹಿಂದಿನ ಒಂದೇ ಚಕ್ರಕ್ಕೆ. ಆ ಚಕ್ರ ಒದ್ದೆಯಲ್ಲಿ ಸಿಕ್ಕರೆ ಗಾಡಿ ನಿಂತಲ್ಲೇ ನಿಂತು ಚಕ್ರ ಮಾತ್ರ ಗಿರಗಿರ.

ಬ್ಯಾಟರಿ ಲೆಕ್ಕ ಸುಲಭ. 6 ವೋಲ್ಟ್, 4.5 ಆಂಪಿಯರ್-ಅವರ್ ಇದ್ದರೆ 27 ವ್ಯಾಟ್-ಅವರ್, ಎರಡು ಮೊಬೈಲಿಗೂ ಸಾಲದ ಸರಕು. ಚಾರ್ಜರ್ ಕೊಡುವುದು ಅರ್ಧ ಆಂಪಿಯರ್; ಅದಕ್ಕೇ ಹತ್ತು ಗಂಟೆ ಬೇಕು, ಅರ್ಧ ಗಂಟೆಯಲ್ಲಿ ಅಳು ನಿಲ್ಲಿಸಲು ಸಾಧ್ಯವಿಲ್ಲ. ಅಗ್ಗದ ಚಾರ್ಜರು ತುಂಬಿದ ಮೇಲೂ ತಾನಾಗಿ ನಿಲ್ಲದು, ನೀವೇ ಕೀಳಬೇಕು. ಬೇಸಿಗೆ ರಜೆಗೆ ಊರಿಗೆ ಹೋಗುವ ಮುನ್ನ ಪೂರ್ತಿ ಚಾರ್ಜ್ ಮಾಡಿ. ಖಾಲಿ ಇಟ್ಟ ಸೀಸದ ಬ್ಯಾಟರಿ ಎರಡು ತಿಂಗಳಲ್ಲಿ ಸತ್ತೇ ಹೋಗಬಹುದು. ಹಳೇ ಯುಪಿಎಸ್ಸಿನ 12 ವೋಲ್ಟಿನ ಬ್ಯಾಟರಿ ಕೂರಿಸುವ ಮನೆಮನೆಯ ಎಂಜಿನಿಯರುಗಳಿಗೆ ಒಂದು ಮಾತು: ಗಾಡಿ ನಿಜಕ್ಕೂ ಸುಮಾರು ಎರಡರಷ್ಟು ವೇಗವಾಗಿ ಓಡುತ್ತದೆ, ಪ್ಲಾಸ್ಟಿಕ್ ಗೇರಿನ ಹಲ್ಲು ಉದುರುವವರೆಗೆ. ಓಡುತ್ತಿರುವಾಗಲೇ ರಿವರ್ಸ್ ಸ್ವಿಚ್ ಒತ್ತಿದರೂ ಅದೇ ಗತಿ. ಆ ಕಟಕಟ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಸದ್ದು ಎಂದಾಗ ನೆನಪಾಯಿತು. ಹಾರ್ನಿನ ಸಂಗೀತ ಕಡಿಮೆ ಮಾಡಲು ಗುಂಡಿ ಇರುವುದಿಲ್ಲ. ಸ್ಪೀಕರಿನ ತೂತುಗಳ ಮೇಲೆ ಎರಡು ಪದರ ಟೇಪು ಅಂಟಿಸಿ, ಮಗು ಮಲಗಿದ ಮೇಲೆ. ಬೆಳಗ್ಗೆ ಕೇಳಿದರೆ "ಅದಕ್ಕೆ ಶೀತ ಆಗಿದೆ ಕಂದಾ" ಎನ್ನಿ.