ಐದನೆಯ ಸಂಪುಟ ನಮಗೆ ಯಾವ ಲೆಕ್ಕ

ಫ್ಯಾಂಟಸಿ ಸರಣಿಯ ಐದನೆಯ ಸಂಪುಟ ಓದುವವರ ಗೋಳು ಎಲ್ಲ ಕಡೆ ಒಂದೇ. ಅಧ್ಯಾಯಕ್ಕೊಬ್ಬರು ‘ನಾನು’ ಎಂದು ಕಥೆ ಶುರು ಮಾಡುತ್ತಾರೆ. ಯಾರು ಯಾರ ಕಡೆಯವರೆಂಬುದು ಮರೆತೇ ಹೋಗಿರುತ್ತದೆ. ಮುಂದಿನ ಸಂಪುಟ ಯಾವಾಗ ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ. ಕೋಲಾರದ ಹುಡುಗರು ಮಾತ್ರ ಇಂಥದ್ದನ್ನು ಸಲೀಸಾಗಿ ಓದಿ ಮುಗಿಸುತ್ತಾರೆ. ಅವರು ಬೆಳೆದದ್ದೇ, ಪಶ್ಚಿಮಘಟ್ಟದ ಹೊಳೆಯ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಕಥೆ ಕೇಳಿಕೊಂಡು.

ಇಂಥ ಪುಸ್ತಕದ ಮೊದಲ ಪುಟದಲ್ಲಿ ನಕಾಶೆ ಇರಲೇಬೇಕು. ನಮ್ಮದರಲ್ಲೂ ಇದೆ. ಸಕಲೇಶಪುರದ ಬೆಟ್ಟದಿಂದ ಹೊರಟ ನೀಲಿ ಗೆರೆ ತುಮಕೂರು ದಾಟಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಬರುತ್ತದೆ. ನಕಾಶೆಯಿಂದ ತಲೆಯೆತ್ತಿದರೆ ಹೊಲದಲ್ಲಿ ಬೋರ್‌ವೆಲ್ ಲಾರಿ. ಕಲ್ಲಿನ ಬಿಳಿ ಪುಡಿ ಹಾರಿ ಹುಣಸೆಮರದ ಎಲೆಯ ಮೇಲೆಲ್ಲ ಕೂತಿದೆ. “ಸಾವಿರದ ಇನ್ನೂರಾಯಿತು, ಇನ್ನೂ ನೂರು ಅಡಿ ಇಳಿಸಲೇ ಯಜಮಾನರೇ?” ಎಂದು ಲಾರಿಯವನು ಕೇಳುತ್ತಿದ್ದಾನೆ.

ಇನ್ನು ನಿರೂಪಕರು. ಸರ್ಕಾರದ ಅಧ್ಯಾಯದಲ್ಲಿ 24 ಟಿಎಂಸಿ ನೀರು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಅಧ್ಯಾಯದಲ್ಲಿ ಅದೇ ಹೊಳೆ ಹತ್ತು ಟಿಎಂಸಿಗೂ ಏದುಸಿರು ಬಿಡುತ್ತದೆ. ಕರಾವಳಿಯವರ ಅಧ್ಯಾಯದಲ್ಲಿ ಇದು ತಮ್ಮ ನೇತ್ರಾವತಿ ನದಿಗೆ ಸೇರಬೇಕಾದ ನೀರಿನ ಕಳ್ಳತನ. ಜಲಾಶಯಕ್ಕೆಂದು ಗುರುತಾದ ಕೊರಟಗೆರೆಯ ಬೈರಗೊಂಡ್ಲುವಿನಲ್ಲಂತೂ ನೀರಿನ ಸುದ್ದಿಯೇ ಇಲ್ಲ: ದೊಡ್ಡಬಳ್ಳಾಪುರದ ಜಮೀನಿಗೆ ಒಂದು ಪರಿಹಾರ, ಪಕ್ಕದ ನಮ್ಮ ಜಮೀನಿಗೆ ಇನ್ನೊಂದೇ ಎಂಬ ಜಗಳವೇ ಇಡೀ ಅಧ್ಯಾಯ. ಓದುಗನಾದವನು ಎಲ್ಲರನ್ನೂ ನಂಬಬೇಕು.

ಹಳೆಯ ಪಾತ್ರಗಳೂ ಮರಳಿ ಬರುತ್ತವೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದ ಸಿದ್ದರಾಮಯ್ಯನವರೇ, ನಡುವೆ ಮೂವರು ಮುಖ್ಯಮಂತ್ರಿಗಳು ಬಂದು ಹೋದ ಮೇಲೆ, 2024ರ ಗೌರಿ ಹಬ್ಬದಂದು ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಪುಸ್ತಕದ ಬೆಲೆ 2012ರಲ್ಲಿ 8,323 ಕೋಟಿ ರೂಪಾಯಿ ಇತ್ತು, ಆಮೇಲೆ 12,912 ಕೋಟಿ, ಆಮೇಲೆ 23,251 ಕೋಟಿ. ಕಾಗದ ದುಬಾರಿಯಾಗಿರಬೇಕು.

ಕಾದು ಬೇಸತ್ತವರಿಗೆಂದು ನಡುವೆ ಒಂದು ಉಪಕಥೆ: ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ. ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಹಂತದಲ್ಲಿ ಶುದ್ಧವಾಗಿ 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಹಿಂದೆಯೇ ನೊರೆಯೂ ಬಂತು. ಕೆರೆಗಳು ತುಂಬಿದ್ದು ನಿಜ, ಇಲ್ಲವೆನ್ನಲಾರೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಓದುಗರು ಕೂಗುತ್ತಲೇ ಇದ್ದಾರೆ. ಪ್ರಕಾಶಕರ ಮಟ್ಟಿಗೆ ಈ ಕಥೆ ಎರಡಕ್ಕೇ ಸಂಪೂರ್ಣ.

ಎತ್ತಿನಹೊಳೆಯ ಕೊನೆಯ ಸಂಪುಟಕ್ಕೆ 2027ರ ಮಾರ್ಚ್ ಎಂಬ ಗಡುವು ಕೊಟ್ಟಿದ್ದಾರೆ. ಶಂಕುಸ್ಥಾಪನೆಯ ದಿನ ಒಂದನೇ ತರಗತಿಯಲ್ಲಿದ್ದ ಹುಡುಗ ಅಷ್ಟರಲ್ಲಿ ಮತದಾರ. ಮರುವರ್ಷ ವಿಧಾನಸಭಾ ಚುನಾವಣೆ. ‘ಇಲ್ಲಿಯವರೆಗೆ’ ಎಂಬ ಸಾರಾಂಶವನ್ನು ಮೂರು ಪಕ್ಷದವರೂ ಅವನ ಮನೆ ಬಾಗಿಲಿಗೇ ಬಂದು ಓದಿ ಹೇಳುತ್ತಾರೆ.